ಕಾದಂಬರಿಯ ನೆಂಟರ ಸೂತಕ

ನಮ್ಮ ಚಿಕ್ಕಮ್ಮನ ಎದುರು ಕಾದಂಬರಿಯಲ್ಲಿ ಯಾರೂ ಸಾಯಬಾರದು! ಸತ್ತರೆ ಮಧುಗಿರಿಯ ನಮ್ಮ ಮನೆಯಲ್ಲಿ ಹಂಡೆಗೆ ಉರಿ ಹಾಕಬೇಕು. ಸತ್ತವರು ಪುಸ್ತಕದವರಾದರೇನು, ವಾರಗಟ್ಟಲೆ ಅವರ ಸುದ್ದಿ ಕೇಳಿದ ಮೇಲೆ ನೆಂಟರಾಗದೆ ಇರುತ್ತಾರೆಯೇ? ತಲೆಗೆ ನೀರು ಹಾಕಿಕೊಳ್ಳುವವರೆಗೆ ಆಕೆ ಅಡುಗೆಮನೆಗೆ ಕಾಲಿಡುವುದಿಲ್ಲ.

ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ, ಕಣ್ಣು ಕಾಣುವುದಿಲ್ಲ. ಓದಿ ಹೇಳುವವನು ನಾನು, ನಿವೃತ್ತ ಮೇಷ್ಟ್ರು. ಮಧ್ಯಾಹ್ನ ಮೂರಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ. ಯಾರು ಸಾಯುತ್ತಿದ್ದರೂ ನಾಲ್ಕಕ್ಕೆ ನಿಲ್ಲಿಸುತ್ತೇನೆ. ಉಳಿದ ಪ್ರಾಣ ನಾಳೆ ಹೋಗಲಿ!

ಒಂದು ಕಾದಂಬರಿಯಲ್ಲಿ ಮುದುಕನೊಬ್ಬ ಹಾಸಿಗೆ ಹಿಡಿದು ಪುಟಗಟ್ಟಲೆ ಮಾತಾಡಿದ. ಬದುಕು ಹೊಳೆಯಂತೆ, ಸಾವು ಕಡಲಂತೆ, ಇತ್ಯಾದಿ.

"ಏನ್ಲಾ, ಇನ್ನೂ ಸಾಯ್ಲಿಲ್ವಾ ಇವ್ನು?"

"ಇನ್ನೊಂದು ಪುಟ ಇದೆ ಚಿಕ್ಕಮ್ಮ."

"ಇಷ್ಟು ಉಸಿರಿದ್ದೋನು ಎದ್ದೋಗಿ ಎಮ್ಮೆ ಕರೀಬೌದಿತ್ತಲ್ಲ! ಇದನ್ನ ಬರ್ದೋನು ಸಾಯೋರ ಮಗ್ಗುಲಲ್ಲಿ ಒಂದಿನಾನೂ ಕೂತಿಲ್ಲ ಕಣ್ಲಾ."

"ಹಂಗಾದ್ರೆ ಸಾಯೋರು ಏನು ಮಾತಾಡ್ತಾರೆ?"

"ನಂಗೇನ್ಲಾ ಗೊತ್ತು? ನಾನೇನು ಸತ್ತೋಗಿ ಬಂದಿದೀನಾ? ನೀರು ಕಾಸು ಹೋಗು."

ಮುಂದಿನ ಕಾದಂಬರಿಯಲ್ಲಿ ಅಜ್ಜಿಯೊಬ್ಬಳು ತೀರಿಕೊಂಡಳು. ಒದ್ದೆ ತಲೆಯಲ್ಲಿ ಜಗುಲಿಗೆ ಬಂದು ಕೂತ ಚಿಕ್ಕಮ್ಮನನ್ನು ಎದುರುಮನೆಯಾಕೆ ವಿಚಾರಿಸಿದಳು. "ಸಾವಾಗಯ್ತೆ ಕಣಮ್ಮ. ಒಳ್ಳೆ ಮುದ್ಕಿ, ಪಾಪ" ಎಂದಳು ಚಿಕ್ಕಮ್ಮ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ! ಎದುರುಮನೆಯಾಕೆ ಓಡಿಹೋಗಿ ಮುದ್ದೆ, ಅವರೆಕಾಳು ಸಾರು ಹೊತ್ತು ತಂದಳು. ಸತ್ತದ್ದು ಪುಸ್ತಕದಲ್ಲಿ ಎಂದು ನಾನು ಹೇಳುವಷ್ಟರಲ್ಲಿ ಚಿಕ್ಕಮ್ಮ ಎರಡನೆಯ ಮುದ್ದೆಗೆ ಕೈ ಹಾಕಿದ್ದಳು.

"ಅಯ್ಯೋ, ಅಂಗಾದ್ರೆ ನನ್ ಸಾರು ವಾಪಸ್ ಕೊಡಿ!"

"ಸತ್ತೋಳನ್ನ ವಾಪಸ್ ಕರ್ಕೊಂಡ್ ಬಾ, ಕೊಡ್ತೀನಿ."

ಹೋದ ತಿಂಗಳು ಪಾವಗಡದಿಂದ ಫೋನ್ ಬಂತು. ಚಿಕ್ಕಮ್ಮನ ಒಬ್ಬಳೇ ಅಕ್ಕ, ನನ್ನ ದೊಡ್ಡಮ್ಮ, ಹಾಸಿಗೆ ಹಿಡಿದು ಮಾತು ನಿಲ್ಲಿಸಿದ್ದಳಂತೆ. ಇಂದೋ ನಾಳೆಯೋ ಎಂದರು.

"ಅವ್ರಿಗೆ ಹೇಳ್ಬೇಡಿ ಕಣ್ರೀ, ಎದೆ ಒಡ್ಕೊಂಡಾರು" ಎಂದಳು ನನ್ನ ಹೆಂಡತಿ. ಪುಸ್ತಕದ ಮುದುಕಿಗೇ ಸೂತಕ ಹಿಡಿಯುವವಳು ಒಡಹುಟ್ಟಿದವಳಿಗೆ ಏನು ಮಾಡಿಯಾಳು? ಭಯ ನನಗೂ ಇತ್ತು. ಆದರೂ ಹೇಳಿದೆ. ಇರುವಾಗ ತೋರಿಸದೆ, ಹೋದ ಮೇಲೆ ಹೇಳಿ ಏನು ಬಂತು?

ಮರುದಿನ ಮೊದಲ ಬಸ್ಸಿಗೇ ಹೊರಟೆವು. ಪಾವಗಡದ ಮನೆಯಲ್ಲಿ ದೊಡ್ಡಮ್ಮನ ಮಂಚದ ಅಂಚಿಗೆ ಚಿಕ್ಕಮ್ಮನನ್ನು ಕೂರಿಸಿದೆ. ತಡವಿ ತಡವಿ ಅಕ್ಕನ ಕೈ ಹುಡುಕಿಕೊಂಡಳು.

"ಅಕ್ಕಯ್ಯ, ನಾನು ಕಣೇ. ಬಂದ್ಬುಟ್ಟೆ."

ಎಷ್ಟೋ ಹೊತ್ತಿನ ಮೇಲೆ ದೊಡ್ಡಮ್ಮನ ತುಟಿ ಅಲ್ಲಾಡಿತು. ಆ ಊರಿಗೆ ಸೊಸೆಯಾಗಿ ಹೋದಾಗಿನಿಂದ ಅವಳ ಬಾಯಿಗೆ ತೆಲುಗು ಹತ್ತಿತ್ತು.

"ಬುವ್ವ ತಿಂಟಿವಾ?"

ಊಟ ಮಾಡಿದೆಯಾ ಎಂದು ಕೇಳಿದಳು, ಅಷ್ಟೇ.

"ಹೊಟ್ಟೆ ತುಂಬಾ ಆಯ್ತು ಕಣಕ್ಕ" ಎಂದಳು ಚಿಕ್ಕಮ್ಮ, ಬೆಳಗಿನಿಂದ ಹನಿ ನೀರೂ ಮುಟ್ಟದವಳು.