ಎರಡೂ ಮೊಣಕಾಲುಗಳ ವಿಮೆ

ಸಿಟ್ಟಿನಲ್ಲಿ ಬರೆಯಬಾರದೆಂದು ನನಗೂ ಗೊತ್ತು. ಆದರೆ ಪರದೇಶದಲ್ಲಿರುವವನಿಗೆ ಯಾವ ಆರೋಗ್ಯವಿಮೆ ಒಳ್ಳೆಯದು ಎಂದು ಶಾಂತವಾಗಿ ಉಪದೇಶಿಸುವವರು ಆ ಪಾಲಿಸಿಗಳನ್ನು ಓದಿಯೇ ಇಲ್ಲವೆಂದು ನನ್ನ ಗುಮಾನಿ. ರಬಾಳೆಯ ನಮ್ಮ ಕಂಪನಿ ನನ್ನನ್ನು ಎರಡು ವರ್ಷಕ್ಕೆ ಮಸ್ಕತ್ತಿಗೆ ಕಳಿಸುತ್ತಿದೆ. ವಿಮೆ ಮಾತ್ರ ನಾನೇ ಮಾಡಿಸಿಕೊಳ್ಳಬೇಕಂತೆ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮೂರು ಪಾಲಿಸಿ ಓದಿದೆ. ಸತ್ತರೆ ಹೆಣವನ್ನು ಪುಕ್ಕಟೆಯಾಗಿ ಮನೆಗೆ ಮುಟ್ಟಿಸುತ್ತಾರಂತೆ. ಹಲ್ಲು ನೋವಾದರೆ ಮಾತ್ರ ನಾವೇ ನೋಡಿಕೊಳ್ಳಬೇಕಂತೆ. ಯಾರಿಗೆ ಬೇಕು ಇಂಥ ಉಪಕಾರ?

ಆರಿಸುವುದೂ ಹೆಸರಿಗೆ ಮಾತ್ರ. ನಮ್ಮ ಕನ್ನಡ ಸಂಘದವರೆಲ್ಲ ವಿಮೆ ಮಾಡಿಸುವುದು ಸಂಘದ ಕಾರ್ಯದರ್ಶಿ, ಉಡುಪಿ ಕಡೆಯ ವಾಮನರಾಯರ ಹತ್ತಿರ. ಬೇರೆ ಏಜೆಂಟನ ಬಳಿ ಹೋದರೆ ಮುಂದಿನ ಸಭೆಯಲ್ಲಿ ಮುಖ ತೋರಿಸುವ ಹಾಗಿಲ್ಲ. ರಾಯರು ಮನೆಗೆ ಬಂದು, ಕಾಫಿ ಕುಡಿದು, ಅರ್ಜಿಯನ್ನು ತಾವೇ ತುಂಬಿದರು. ನಾನು ಓದದೆ ಸಹಿ ಹಾಕಿದೆ. ಹತ್ತು ದಿನಕ್ಕೆ ಪಾಲಿಸಿ ಬಂತು: ಎರಡೂ ಮೊಣಕಾಲು ಹಳೆಯ ಕಾಯಿಲೆ, ವಿಮೆ ಅನ್ವಯಿಸುವುದಿಲ್ಲ. ಮಸ್ಕತ್ತಿನಲ್ಲಿ ನನ್ನ ಕೆಲಸ ದಿನವಿಡೀ ಏಣಿ ಹತ್ತಿ ಇಳಿಯುವುದು. ಜಾರಿ ಬಿದ್ದರೆ ಗತಿಯೇನು? ಮೈ ಉರಿದುಹೋಯಿತು. ರಾಯರಿಗೆ ಫೋನ್ ಮಾಡಿ ಕೂಗಾಡಿದೆ.

“ಎಂತ ಮಾರಾಯ್ರೆ, ನಾನು ಸುಳ್ಳು ಬರೀಲಿಕ್ಕೆ ಆಗ್ತದಾ?” ಎಂದರು. “ಹನ್ನೊಂದು ವರ್ಷದಿಂದ ಸಂಘದ ಕುರ್ಚಿ ಎತ್ತಲಿಕ್ಕೆ ಕರೆದಾಗೆಲ್ಲ ಮೊಣಕಾಲು ನೋವು ಅಂತ ನೀವೇ ಹೇಳಿದ್ದಲ್ವಾ? ಒಂದು ರಾಜ್ಯೋತ್ಸವಕ್ಕೆ ಎಡಗಾಲು ಕುಂಟಿದ್ರಿ, ಮತ್ತೊಂದಕ್ಕೆ ಬಲಗಾಲು. ಅದಕ್ಕೇ ಎರಡೂ ಬರೆದೆ.”

ಸಿಟ್ಟು ಇನ್ನೂ ಏರಿತು. ಆ ಷರತ್ತು ತೆಗೆಸಲು, ನೋವು ಇಲ್ಲ, ಎಂದೂ ಇರಲಿಲ್ಲ ಎಂದು ನಾನೇ ಕೈಯಾರೆ ಬರೆದುಕೊಡಬೇಕಾಯಿತು. ರಾಯರು ಅದನ್ನು ಎರಡು ಸಲ ಓದಿ, “ಒಳ್ಳೇದಾಯ್ತು. ಸೋಮವಾರ ವಿಮೆಯ ಡಾಕ್ಟರು ಕಾಲು ನೋಡ್ತಾರೆ. ಆದಿತ್ಯವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ, ಕುರ್ಚಿ ಉಂಟು” ಎಂದರು. ಬರೆದುಕೊಟ್ಟವನು ಹೋಗದಿರಲು ಸಾಧ್ಯವೇ? ಎಂಬತ್ತು ಕುರ್ಚಿಗಳನ್ನು ಎರಡನೆಯ ಮಹಡಿಗೆ ಹೊತ್ತೆ. ಒಬ್ಬನೂ ಕೈಹಾಕಲಿಲ್ಲ, ಉಳಿದವರಿಗೆಲ್ಲ ಸೊಂಟ ನೋವಂತೆ.

ಮಧ್ಯಾಹ್ನ ಕುಂಟುತ್ತ ಮನೆಗೆ ಬಂದೆ. ಈ ಸಲ ಎರಡೂ ಕಾಲು. ನಾಳೆ ಡಾಕ್ಟರ ಮುಂದೆ ನೆಟ್ಟಗೆ ನಡೆಯಬೇಕು. ಹೆಂಡತಿ ಮೈಸೂರಿನವಳು, ಮೆತ್ತಗೆ ಮಾತಾಡುತ್ತಾಳೆ. ಎಣ್ಣೆ ಬಿಸಿ ಮಾಡಿ ತಂದವಳು ಬಾಗಿಲಲ್ಲೇ ನಿಂತು ಕೇಳಿದಳು: “ನಿಜವಾಗ್ಲೂ ನೋಯ್ತಿದ್ಯೇನ್ರೀ, ಇಲ್ಲಾ ಇದೂ ಸಂಘದ ನೋವೇನಾ?”

ಎಣ್ಣೆ ಆರುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದೆ. ನಾನೊಬ್ಬನೇ ಸಿಕ್ಕಿದೆ.