ಅಪ್ಪನ ಬಸ್ಸು, ನನ್ನ ಬ್ಲಾಕ್‌ಚೈನ್

ಕೊಪ್ಪದಲ್ಲಿ ಕೂತು ಬ್ಲಾಕ್‌ಚೈನ್ ಕೆಲಸ ಮಾಡುವವಳು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮೆಟ್ಟಿಲು ಹತ್ತಿ ಬರುತ್ತವೆ. ನನ್ನ ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಶೃಂಗೇರಿ, ಎನ್.ಆರ್.ಪುರ ಅಂತ ಮಾಲೀಕರು ಹೇಳಿದ ರೂಟಿಗೆ ಹೋಗುತ್ತಾರೆ. ಹೋದಲ್ಲೆಲ್ಲ ಜನ ಕೇಳುವುದು, "ಮಗಳು ಎಂತ ಮಾಡ್ತಾಳೆ?"

ಅಪ್ಪ ನನಗೆ ಹೇಳಿಬಿಟ್ಟಿದ್ದರು: "ನಂಗೆ ಭಾಷಣ ಬೇಡ. ಟಿಕೆಟ್ ಹರಿದು ಕೊಡೋಷ್ಟರಲ್ಲಿ ಹೇಳಿ ಮುಗಿಸೋ ಅಂಥ ಉತ್ತರ ಕೊಡು." ಇಷ್ಟೆಲ್ಲ ಓದಿದ್ದರೂ ಅದೊಂದು ನನ್ನಿಂದ ಆಗಲಿಲ್ಲವಲ್ಲ ಎಂಬ ಬೇಜಾರು ಇದ್ದೇ ಇತ್ತು.

೧. ಸೆಂಟ್ರಿಂಗ್

ನನ್ನ ಆಫೀಸೆಂದರೆ ಸೆಂಟ್ರಿಂಗ್ ಅಂಗಡಿಯ ಮೇಲಿನ ಕೋಣೆ. ಮನೆ ಕಟ್ಟುವವರಿಗೆ ಕಂಬ, ಶೀಟು ಬಾಡಿಗೆಗೆ ಕೊಡುವ ಅಂಗಡಿ ಸಾಹೇಬರು ಒಂದು ದಿನ ಮೇಲೆ ಬಂದು, "ಎಂತಮ್ಮಾ ನಿನ್ನ ಕೆಲ್ಸ?" ಎಂದರು.

"ಕಂಪ್ಯೂಟರಲ್ಲಿ ಕರಾರು ಬರೀತಾರೆ ಸಾಹೇಬ್ರೆ, ಸ್ಮಾರ್ಟ್ ಕಾಂಟ್ರಾಕ್ಟ್ ಅಂತ. ಒಂದ್ಸಲ ಬ್ಲಾಕ್‌ಚೈನಿಗೆ ಏರಿಸಿದ್ರೆ ಯಾರಿಗೂ ತಿದ್ದಕ್ಕೆ ಬರಲ್ಲ. ಬರೆಯೋಕೆ ಮುಂಚೆ ಫೋಲ್ಡರು, ಸೆಟ್ಟಿಂಗು, ಪರೀಕ್ಷೆ ಮಾಡೋ ಫೈಲು ಎಲ್ಲ ಜೋಡಿಸ್ಕೋಬೇಕು. ನಾನು ಮಾಡಿರೋ ಟೂಲಿಗೆ ಒಂದು ಕಮಾಂಡ್ ಕೊಟ್ರೆ ಅಷ್ಟೂ ತಾನೇ ಎದ್ದು ನಿಲ್ತದೆ. ನಿಮ್ಮ ಸೆಂಟ್ರಿಂಗ್ ಇದ್ದಂಗೆ."

ಇಡೀ ಕೊಪ್ಪದಲ್ಲಿ ನನ್ನ ಕೆಲಸ ತಕ್ಷಣ ಅರ್ಥವಾದದ್ದು ಅವರೊಬ್ಬರಿಗೇ.

"ಕೆಲ್ಸ ಮುಗಿದ್ಮೇಲೆ ಸಾಮಾನು ವಾಪಸ್ ಕೊಡ್ತಾರಾ?"

"ಇಲ್ಲ, ಅವರೇ ಇಟ್ಕೊಳ್ತಾರೆ."

"ನಂದೂ ಅದೇ ಕಥೆ. ಆದ್ರೆ ನಾನು ಸ್ಕೂಟರ್ ಹತ್ತಿ ಊರೂರು ಹುಡುಕ್ತೀನಿ, ನೀನು ನಗ್ತಾ ಕೂತಿದೀಯಲ್ಲ!"

೨. ಮೆಣಸೆಯ ಬೇಲಿ

ಸಾಹೇಬರಿಗೆ ಹೇಳಿದ್ದರಲ್ಲಿ ಅಪ್ಪ ತಮಗೆ ಬೇಕಾದಷ್ಟು ಆರಿಸಿಕೊಂಡರು. "ಮಗಳು ತಿದ್ದಕ್ಕೆ ಬರದಂಥ ಅಗ್ರಿಮೆಂಟ್ ಮಾಡ್ತಾಳೆ" ಎಂದು ಶೃಂಗೇರಿ ರೂಟಿನಲ್ಲಿ ಹೇಳಿಕೊಂಡು ಬಂದರು. ಮಾರನೇ ದಿನವೇ ಮೆಣಸೆ ಊರಿನ ಒಬ್ಬರು ಛಾಪಾ ಕಾಗದ ಹಿಡಿದು ನನ್ನ ಕೋಣೆಗೆ ಬಂದರು. ಅವರಿಗೂ ತಮ್ಮನಿಗೂ ಬೇಲಿಯ ಜಗಳ.

"ಬರ್ಕೊಡು ಮಾರಾಯ್ತಿ. ಅವ ಆಮೇಲೆ ಒಂದಕ್ಷರ ತಿದ್ದಬಾರ್ದು."

ನಾನು ಬರೆಯುವುದು ಅಂಥದ್ದಲ್ಲ ಎಂದು ವಿವರಿಸಿ, "ಇದರಲ್ಲಾದ್ರೆ ಅವರೂ ತಿದ್ದಂಗಿಲ್ಲ, ನೀವೂ ತಿದ್ದಂಗಿಲ್ಲ" ಎಂದೆ.

"ನಾನೂ?"

"ನೀವೂ."

ಅವರು ಕಾಗದ ಮಡಚಿ ಜೇಬಿಗಿಟ್ಟರು. "ಹಂಗಾದ್ರೆ ಬೇಡ. ಇದು ಸರಿಯಾದ ಅಗ್ರಿಮೆಂಟೇ ಅಲ್ಲ."

೩. ಹಾರ ಬರುವ ತನಕ

ಎನ್.ಆರ್.ಪುರದ ಒಂದು ಕಾಲೇಜಿನವರು ಟೂಲ್ ತೋರಿಸಲು ಕರೆದರು. ಸ್ವಾಗತ, ಪ್ರಾರ್ಥನೆ, ಪರಿಚಯ ಎಲ್ಲ ಸಾವಕಾಶವಾಗಿ ನಡೆಯಿತು. ಆಮೇಲೆ ನಾನು ಒಂದು ಸಾಲು ಟೈಪ್ ಮಾಡಿ ಬಟನ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಾಜೆಕ್ಟು ತಯಾರು.

"ಶುರು ಮಾಡಿ ಮೇಡಂ" ಎಂದರು ಪ್ರಾಂಶುಪಾಲರು.

"ಮುಗೀತು ಸರ್."

ಅವರ ಮುಖ ಬಾಡಿತು. ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು: "ಇಷ್ಟು ಬೇಗ ಮುಗಿಸಿದ್ರೆ ಹೆಂಗೆ? ನಿಮಗೆ ಹಾಕೋ ಹಾರ ಇನ್ನೂ ಬಸ್ಸಲ್ಲಿ ಬರ್ತಿದೆ."

ಆ ಬಸ್ಸು ಅಪ್ಪನದೇ. ಅದು ಎಷ್ಟು ಹೊತ್ತಿಗೆ ಬರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಾಗಿ ಅದು ಬರುವ ತನಕ ಮಾಡಿದ್ದನ್ನು ಅಳಿಸುತ್ತಾ, ಮತ್ತೆ ಮಾಡುತ್ತಾ ಇದ್ದೆ. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು, "ಮೇಡಂ, ಪ್ರತಿ ಸಲವೂ ಪ್ರಾಜೆಕ್ಟಿನ ಹೆಸರು ಭಂಡಿಗಡಿ ಅಂತಲೇ ಬರ್ತದಲ್ಲ, ಎಂತಕ್ಕೆ?"

"ಅದು ನಮ್ಮೂರು. ಹೆಸರು ಕೊಡದಿದ್ರೆ ಟೂಲು ಅದನ್ನೇ ಇಡ್ತದೆ. ಬಳಸೋರು ಬದಲಾಯಿಸ್ಕೊಳ್ತಾರೆ ಬಿಡು."

ಕಡೆಗೆ ಹಾರ ಬಂತು, ತಂದವರು ಅಪ್ಪನೇ. ಬೆವರು ಒರೆಸಿಕೊಳ್ಳುತ್ತಾ ಪ್ರಾಂಶುಪಾಲರನ್ನು ಕೇಳಿದರು, "ಇನ್ನೂ ಮುಗೀಲಿಲ್ವಾ ಸರ್? ನಮ್ಮ ಬಸ್ಸಿಗಿಂತ ನಿಧಾನವಾಯ್ತಲ್ಲ ಇವಳ ಟೂಲು!"

೪. ಭಂಡಿಗಡಿ

ಸಮುದ್ರದಾಚೆಯ ಒಂದು ಕಂಪನಿಯಿಂದ ಮೇಲ್ ಬಂದಾಗ ಅಪ್ಪ ಮನೆಯಲ್ಲಿ ಊಟಕ್ಕೆ ಕೂತಿದ್ದರು. ನಾನು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಕಂಪನಿಯವರು ನನ್ನ ಟೂಲಿನಿಂದ ಪ್ರಾಜೆಕ್ಟು ಶುರು ಮಾಡಿದ್ದರು. ಎಲ್ಲ ಪರೀಕ್ಷೆ ಮಾಡಿ, ಸಂಭ್ರಮದಿಂದ ಕರಾರನ್ನು ಬ್ಲಾಕ್‌ಚೈನಿಗೆ ಏರಿಸಿದ್ದರು. ಹೆಸರು ಬದಲಾಯಿಸುವುದನ್ನು ಮಾತ್ರ ಮರೆತಿದ್ದರು. ಇನ್ನು ಅದನ್ನು ತಿದ್ದುವಂತಿಲ್ಲ. ಅಲ್ಲಿಯ ಗ್ರಾಹಕರೆಲ್ಲ ಈಗ ಭಂಡಿಗಡಿ ಎಂದರೇನು ಎಂದು ಕೇಳುತ್ತಿದ್ದಾರಂತೆ. ಕಡೆಯಲ್ಲಿ ಬರೆದಿದ್ದರು: "ಬೇರೆ ದಾರಿ ಕಾಣದೆ, ಅದೊಂದು ಪುರಾತನ ಪದ, 'ಎಂದಿಗೂ ಬದಲಾಗದ್ದು' ಎಂದರ್ಥ ಅಂತ ಹೇಳಿಬಿಟ್ಟಿದ್ದೇವೆ. ಸರಿ ತಾನೇ?"

ಅಪ್ಪ ತುತ್ತು ಕೈಯಲ್ಲೇ ಹಿಡಿದು ಹೇಳಿದರು: "ಸರೀ ಇದೆ ಅಂತ ಬರಿ. ನಾ ಹುಟ್ಟಿದಾಗಿಂದ ನೋಡ್ತಿದೀನಿ, ಒಂಚೂರೂ ಬದಲಾಗ್ಲಿಲ್ಲ."

ಕಂಡು ಕೇಳರಿಯದ ಜನ ನಮ್ಮೂರ ಹೆಸರನ್ನು ನಾಲಗೆ ತಿರುಗಿಸಿಕೊಂಡು ಹೇಳುತ್ತಿದ್ದಾರಲ್ಲ ಎಂದು ನನಗೆ ಆವತ್ತು ಆದ ಹೆಮ್ಮೆ ಅಷ್ಟಿಷ್ಟಲ್ಲ. ಅಪ್ಪ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.

ಮರುದಿನ ಅವರ ಬಸ್ಸಿನಲ್ಲೇ ಹೊರಟಿದ್ದೆ. ವಯಸ್ಸಾದ ಹೆಂಗಸೊಬ್ಬರು ಹತ್ತಿ, ಕೂರುವ ಮೊದಲೇ ಕೇಳಿದರು: "ಮಗಳು ಎಂತ ಮಾಡ್ತಾಳೆ ಮಾರಾಯ್ರೆ?"

"ಭಂಡಿಗಡಿನ ಫಾರಿನ್ನಿಗೆ ಮುಟ್ಸಿದಾಳೆ" ಎಂದರು ಅಪ್ಪ, ಎದೆ ಉಬ್ಬಿಸಿ, ಇಡೀ ಬಸ್ಸಿಗೆ ಕೇಳುವಂತೆ. ಟಿಕೆಟ್ ಇನ್ನೂ ಹರಿದಿರಲಿಲ್ಲ, ಉತ್ತರ ಮುಗಿದಿತ್ತು. "ನಿಮ್ಗೆ ಎಲ್ಲಿಗೆ?"

"ಭಂಡಿಗಡಿಗೆ ಒಂದು ಕೊಡಿ."

ಅಪ್ಪ ಟಿಕೆಟ್ಟಿನ ಮೇಲೆ ಕೈಯಿಟ್ಟು ಗಂಭೀರವಾಗಿ ಕೇಳಿದರು: "ಯಾವ ಭಂಡಿಗಡಿ? ಇಲ್ಲಿದ್ದಾ, ಫಾರಿನ್ನಿನದಾ?"