ನಮ್ಮಜ್ಜಿಯ ಸಾವಿಗೆ ಜನ ಸೇರಿಸಿದ ಯಂತ್ರಕ್ಕೆ

ಮಾನ್ಯ ಮರಣವಾರ್ತೆ ಯಂತ್ರದವರೇ,

ಕೂಲಬಿನ್ ಪಟ್ಟಣದ ವಾರಪತ್ರಿಕೆಯಲ್ಲಿ ಸತ್ತವರ ಸುದ್ದಿಯನ್ನು ಒರಟು ಮನುಷ್ಯರ ಕೈಯಿಂದ ಬಿಡಿಸಿ ತಮ್ಮ ನಯವಾದ ಸುಪರ್ದಿಗೆ ತೆಗೆದುಕೊಂಡಿರುವ ತಮಗೆ, ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳ ಹೆದರಿಕೆ ಬೆರೆತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನಾದರೂ ಆದರೆ ಆ ಸುದ್ದಿಯನ್ನು ಬರೆಯುವವರಾರು ಎಂಬುದೇ ನನ್ನ ಚಿಂತೆ.

ನನ್ನ ಅಜ್ಜಿ ಡಾಫ್ನಿ ಪಾಸ್ಕೋ ಕಳೆದ ವಾರ ಚೆಂಡು ಉರುಳಿಸಿ ಗುರಿಯ ಹತ್ತಿರ ನಿಲ್ಲಿಸುವ ಬೌಲ್ಸ್ ಆಟದ ಕ್ಲಬ್ಬಿನ ಹುಲ್ಲಿನ ಮೇಲೆ, ಎದುರಾಳಿಗಳು ಚೆಂಡಿನ ದೂರ ಅಳೆದದ್ದೇ ತಪ್ಪೆಂದು ವಾದಿಸುತ್ತಲೇ ಕುಸಿದು ಸತ್ತರು. ನಮ್ಮ ಮನೆಯವರು ಒಬ್ಬರೂ ಅಲ್ಲಿರಲಿಲ್ಲ. ಕೊನೆಯವರೆಗೂ ಕೈ ಹಿಡಿದು ಕೂತಿದ್ದವರು ಅಜ್ಜಿಯ ಆಟದ ಜೊತೆಗಾತಿ ಮರ್ಲ್ ಆಂಟಿ. "ಹಾಸ್ಟೆಲಲ್ಲಿ ಓದ್ದೋಳು, ನೀನೇ ಬರಿ" ಎಂದು ಅಮ್ಮ ಪ್ರಕಟಣೆಯ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು. "ಯಾರಿಗೂ ಮುಜುಗರ ಆಗ್ಬಾರ್ದು ಪುಟ್ಟಿ, ಅಷ್ಟೇ" ಎಂದರು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ನನ್ನ ಅಪ್ಪ.

ತಮ್ಮ ಪರದೆಯ ಮೇಲೆ 'ಡಾಫ್ನಿ ಸತ್ತರು, ಮರ್ಲ್ ಜೊತೆಗಿದ್ದರು' ಎಂದು ಬರೆದೆ. ಸಾಲಿನಡಿ ಗೆರೆ ಎಳೆದು ತಾವು ಕೆಂಪಾದಿರಿ. ನಮ್ಮ ಹಾಸ್ಟೆಲಿನ ವಾರ್ಡನ್ ಯಾವ ಹುಡುಗಿಯನ್ನೂ ಒಂಟಿಯಾಗಿ ಪೇಟೆಗೆ ಬಿಡುತ್ತಿರಲಿಲ್ಲ; ತಾವೂ ಅಷ್ಟೇ ಕಟ್ಟುನಿಟ್ಟು. ತಮ್ಮಲ್ಲಿ 'ಸಂತಾಪ' ಎಂಬ ಪದ ಹೊರಗೆ ಹೊರಟರೆ 'ತೀವ್ರ'ವೂ ಜೊತೆಗೆ ಹೋಗಬೇಕು, 'ನಷ್ಟ'ದ ಕೈಯನ್ನು 'ತುಂಬಲಾರದ' ಎಂಬುದು ಹಿಡಿದಿರಬೇಕು, ಎಂಬತ್ತು ದಾಟಿದವರ 'ನಿಧನ'ವೂ 'ಅಕಾಲಿಕ'ವೇ ಆಗಿರಬೇಕು. ಬರಿಯ 'ಸತ್ತರು' ತಮ್ಮ ಬಾಗಿಲು ದಾಟಲಿಲ್ಲ. ತಾವು ಮುಂದಿಟ್ಟದ್ದಕ್ಕೆಲ್ಲ ಹೆದರಿ ಹೂಂ ಎಂದೆ. ಸಂಬಂಧಗಳ ಪಟ್ಟಿಯಲ್ಲಿ ಗೆಳತಿಗೆ ಜಾಗವೇ ಇಲ್ಲದ್ದರಿಂದ ಮರ್ಲ್ ಆಂಟಿಯನ್ನು ತಾವೇ ಅಳಿಸಿದಿರಿ. ಕೊನೆಗೆ ಅಚ್ಚಾದದ್ದು: 'ದೀರ್ಘ ಹೋರಾಟದ ಬಳಿಕ, ಪ್ರೀತಿಯ ಕುಟುಂಬದವರ ನಡುವೆ, ಶಾಂತಿಯಿಂದ ಅಗಲಿದರು.'

ಏನು ಹೇಳಲಿ ತಮ್ಮ ಕೌಶಲ. ಒಂದು ದಿನವೂ ಹಾಸಿಗೆ ಹಿಡಿಯದ ಅಜ್ಜಿಗೆ ಕಾಯಿಲೆ ಕೊಟ್ಟಿರಿ, ಜಗಳವಾಡುತ್ತಿದ್ದ ಬಾಯಿಗೆ ಶಾಂತಿ ಕೊಟ್ಟಿರಿ, ಊರಲ್ಲೇ ಇರದ ನನ್ನನ್ನು ಅವರ ಪಕ್ಕದಲ್ಲಿ ನಿಲ್ಲಿಸಿದಿರಿ. ಈ ಊರಿನವರು ಪತ್ರಿಕೆ ಬಿಡಿಸಿದರೆ ಮೊದಲು ಓದುವುದೇ ಸತ್ತವರ ಪುಟ. ಯಾವ ಕಾಯಿಲೆ, ನಮ್ಮಿಂದೇಕೆ ಮುಚ್ಚಿಟ್ಟಿರಿ ಎಂದು ಅರ್ಧ ಊರು ಮುನಿಸಿಕೊಂಡೇ ಬಾಗಿಲಿಗೆ ಕುಂಬಳಕಾಯಿ ಸೂಪು ತಂದಿಟ್ಟು ಹೋಯಿತು. ಮರ್ಲ್ ಆಂಟಿ ಸೂಪು ತರಲಿಲ್ಲ. ಬೇಲಿಯಾಚೆಯಿಂದಲೇ ಅಮ್ಮನಿಗೆ, "ನೀವೆಲ್ಲಾ ಅಲ್ಲೇ ಇದ್ರಂತಲ್ಲ ಲಿನೆಟ್, ನಂಗ್ಯಾಕೋ ಕಾಣಿಸ್ಲೇ ಇಲ್ಲ. ಕನ್ನಡಕ ಬದಲಾಯಿಸ್ಬೇಕು" ಎಂದರು. ಶುಕ್ರವಾರದ ಅಂತ್ಯಕ್ರಿಯೆಗೆ ಬರುವುದಿಲ್ಲವಂತೆ. ಅಜ್ಜಿಯ ಕೊನೆಯ ಮಾತು ಏನೆಂದು ಕೇಳಿಸಿಕೊಂಡವರು ಅವರೊಬ್ಬರೇ; ಅವರಿಲ್ಲದೆ ಅಲ್ಲಿ ನಾವು ಯಾರ ಬಗ್ಗೆ ಮಾತಾಡುವುದು, ತಾವು ಬರೆದ ಅಜ್ಜಿಯ ಬಗ್ಗೆಯೇ?

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ದಯವಿಟ್ಟು ಅಜ್ಜಿಯನ್ನು ಎಬ್ಬಿಸಿ, ಸಾಕಷ್ಟು ಕಾಲ ಕಾಯಿಲೆಯಲ್ಲಿ ಮಲಗಿಸಿ, ನಮ್ಮೆಲ್ಲರನ್ನೂ ಸುತ್ತ ಕೂರಿಸಿ, ತಾವು ಬರೆದಂತೆಯೇ ಇನ್ನೊಮ್ಮೆ ಸಾಯಿಸತಕ್ಕದ್ದು. ಅದು ತ್ರಾಸವೆನಿಸಿದರೆ ಗುರುವಾರದ ಸಂಚಿಕೆಯಲ್ಲಿ ನಾನು ಬರೆದ ಆ ಒಂದು ಸಾಲನ್ನು, ಮರ್ಲ್ ಹೆಸರಿನ ಸಮೇತ, ಹಾಗೇ ಹಾಕಿದರೆ ಸಾಕು. 'ಸತ್ತರು' ಒಂಟಿಯಾಗಿ ನಿಲ್ಲುವುದನ್ನು ನೋಡಲಾಗದಿದ್ದರೆ ಪಕ್ಕದಲ್ಲಿ ನಾನೇ ನಿಲ್ಲುತ್ತೇನೆ.

ತಮ್ಮ ಸಲಹೆಗಳನ್ನೆಲ್ಲ ಒಪ್ಪಿ ಕೆಟ್ಟ,
ತಮ್ಮ ವಿಶ್ವಾಸಿ,
ಬ್ರೈಡೀ ಹಾವರ್ತ್

ವಿ.ಸೂ.: ಈ ಪತ್ರದ ಪ್ರತಿಯನ್ನು ಕ್ಲಬ್ಬಿನ ಗೋಡೆಗೂ ಅಂಟಿಸಿದ್ದೇನೆ. ಅದನ್ನು ಓದಿದ ಮರ್ಲ್ ಆಂಟಿ ಫೋನ್ ಮಾಡಿದ್ದರು: "ಬರ್ತೀನಿ ಕಣೇ, ಸ್ಯಾಂಡ್‌ವಿಚ್ಚೂ ತರ್ತೀನಿ. ಮುಂದೆ ಮನೆಯವರು ಕೂರೋ ಬೆಂಚಲ್ಲಿ ಮಾತ್ರ ಕೂರಲ್ಲ. ಅವತ್ತೇ ಅಷ್ಟೊಂದು ಜನ ಇದ್ರಲ್ಲ, ನಂಗೆಲ್ಲಿ ಜಾಗ ಇರುತ್ತೆ."